ಚಾಪೆ ತಟ್ಟುವ ಚಟ

ಯಾರ ಮನೆಗೇ ಹೋಗಲಿ, "ಬನ್ರಿ ಮೇಷ್ಟ್ರೇ, ಕುಂದ್ರಿ" ಎಂದು ಚಾಪೆ ಹಾಸಿದರೆ ನಾನು ಹಾಗೇ ಕೂತುಬಿಡುವ ಆಸಾಮಿಯಲ್ಲ. ಮೊದಲು ಬಗ್ಗಿ, ಅಂಗೈಯಿಂದ ಆ ಚಾಪೆಯನ್ನು ಎರಡು ಸಲ ತಟ್ಟಿ, ಆಮೇಲೆ ಕೂರುತ್ತೇನೆ. ಕೆಲವರಿಗೆ ನಶ್ಯ, ಕೆಲವರಿಗೆ ಎಲೆಯಡಿಕೆ, ನನಗೆ ಇದು. ಒಮ್ಮೆ ಬೀಗರ ಮನೆಯಲ್ಲಿ ಇದರಿಂದ ದೊಡ್ಡ ಫಜೀತಿಯೇ ಆಯಿತು. ಅವರ ಮನೆ ಚಾಪೆಯಲ್ಲಿ ಧೂಳಿದೆ ಎಂದು ನಾನು ತೋರಿಸಿಕೊಟ್ಟೆನೆಂದು ಬೀಗಿತ್ತಿ ಮುಖ ಊದಿಸಿಕೊಂಡರು. ಹೋಳಿಗೆಗೆ ತುಪ್ಪ ಬಡಿಸುವಾಗ ನನ್ನ ಎಲೆಯ ಹತ್ತಿರ ಮಾತ್ರ ಅವರ ಕೈ ಬಿಗಿಯಾಯಿತು.

ಮನೆಯಲ್ಲಿ ಇದಕ್ಕೆ ಬೇರೆಯೇ ಅರ್ಥ. "ತಾತ ಚೇಳು ಹುಡುಕ್ತಾನೆ" ಎಂದು ಮೊಮ್ಮಗಳು ಎಲ್ಲರಿಗೂ ಸಾರಿದ್ದಾಳೆ. ಇರಲಿ, ಚೇಳಿಗೆ ನಾನು ಹೆದರುವುದು ಸುಳ್ಳಲ್ಲ. ಗುಡುಗಿಗೂ ಹೆದರುತ್ತೇನೆ, ಸ್ಕೂಲ್ ಇನ್‌ಸ್ಪೆಕ್ಟರರಿಗೂ ಹೆದರುತ್ತಿದ್ದೆ, ಹಾಯುವ ಹಸುವಿಗೂ ಹೆದರುತ್ತೇನೆ. ನಾನು ಹುಟ್ಟಾ ಪುಕ್ಕಲ. ಇದನ್ನು ಮುಚ್ಚಿಡುವ ವಯಸ್ಸು ದಾಟಿಹೋಗಿದೆ, ನಿಮ್ಮೆದುರಿಗೆ ಏನು ಸಂಕೋಚ.

ಚಳ್ಳಕೆರೆಯಲ್ಲಿ ನಾನು ಚಿಕ್ಕವನಾಗಿದ್ದಾಗ ಹೆದರಿಕೆಗೆ ಒಂದು ಗಟ್ಟಿ ಔಷಧಿಯಿತ್ತು. ಅದು ಕಂಬಳಿ. ನಮ್ಮವ್ವ ಬೈಯಲಿ, ಹೊರಗೆ ಹುಚ್ಚುನಾಯಿ ಬಂತೆಂದು ಜನ ಕೂಗಲಿ, ನಾನು ಮೂಲೆಯ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡುಬಿಡುತ್ತಿದ್ದೆ. ಮೈಯೆಲ್ಲ ಚುಚ್ಚುತ್ತಿತ್ತು, ಕುರಿಯ ವಾಸನೆ ಮೂಗಿಗೆ ಅಡರುತ್ತಿತ್ತು, ಆದರೆ ಒಳಗೆ ಹೋದ ಮೇಲೆ ಲೋಕದ ಕಾಟವೆಲ್ಲ ಹೊರಗೆ. "ಲೇ, ಬೆದರುಬೊಂಬೆ, ಹೊರಗೆ ಬಾರೋ, ನಾಯಿ ಹೋತು" ಎಂದು ಅವ್ವ ಕರೆದರೂ ಬರುತ್ತಿರಲಿಲ್ಲ. ಊರೂ ನನಗೆ ಅನುಕೂಲವಾಗಿತ್ತು. ಚಳ್ಳಕೆರೆ ಬಯಲುಸೀಮೆ. ಬರುವವನು ಬರುವುದಕ್ಕೆ ಎಷ್ಟೋ ಮೊದಲೇ ಕಾಣುತ್ತಾನೆ. ಪುಕ್ಕಲರಿಗೆ ಅಂಥ ಊರೇ ಸರಿ.

ಸರ್ಕಾರಕ್ಕೆ ಇದೆಲ್ಲ ಹೇಗೆ ತಿಳಿಯಬೇಕು? ಮದುವೆಯಾದ ಹೊಸತರಲ್ಲೇ ನನ್ನನ್ನು ಮೊಳಕಾಲ್ಮೂರಿನ ಶಾಲೆಗೆ ಹಾಕಿದರು. ಮೋಟಾರು ಬಸ್ಸು ಕಾಣದ ಕಾಲ ಅದು. ಎತ್ತಿನ ಗಾಡಿಯಲ್ಲಿ ಹೆಂಡತಿ ಗಂಗಮ್ಮನನ್ನೂ ನಾಲ್ಕು ಪಾತ್ರೆಗಳನ್ನೂ ಹೇರಿಕೊಂಡು ಹೊರಟೆ. ಮೊಳಕಾಲ್ಮೂರು ಹತ್ತಿರವಾದಂತೆ ಬಂಡೆಗಳು ಶುರುವಾದವು. ಬಂಡೆಯ ಮೇಲೆ ಬಂಡೆ, ಅದರ ಸಂದಿಯಲ್ಲಿ ಕತ್ತಲು. ಗಾಡಿಯವನು ಚಾಟಿಯಿಂದ ಗುಡ್ಡದ ಕಡೆ ತೋರಿಸಿ, "ಅಲ್ಲೆಲ್ಲ ಕರಡಿ ಅವೆ ಸ್ವಾಮಿ. ಮನುಷ್ಯನ್ನ ಕಂಡ್ರೆ ಮೊದ್ಲು ಮುಖಕ್ಕೇ ಕೈ ಹಾಕ್ತಾವೆ" ಎಂದು ಬಹಳ ಸಂತೋಷದಿಂದ ಹೇಳಿದ. ನಾನು ಊರು ಮುಟ್ಟುವವರೆಗೂ ಉಪರಣೆಯಿಂದ ಮುಖ ಮುಚ್ಚಿಕೊಂಡೇ ಕೂತಿದ್ದೆ.

ನಮಗೆ ಸಿಕ್ಕಿದ ಬಾಡಿಗೆ ಮನೆ ರಾಂಪುರದ ತಿಪ್ಪಮ್ಮನವರದು. ಗಂಡ ತೀರಿಕೊಂಡ ಮೇಲೆ ಆಕೆ ಮನೆಗೆ ಬೀಗ ಹಾಕಿ, ರಾಂಪುರದಲ್ಲಿ ತಮ್ಮನ ಜೊತೆ ಇದ್ದರು. ಕೀಲಿ ಕೊಡುವುದಕ್ಕೆ ತಾವೇ ಗಾಡಿ ಕಟ್ಟಿಸಿಕೊಂಡು ಬಂದರು. ಎತ್ತರದ ಆಳು. ಅವರು ಮಾತಾಡಿದರೆ ಬೀದಿಯ ಆ ಕೊನೆಯವರೂ ಕೇಳಬೇಕು, ಅಂಥ ಗಂಟಲು. ಕೀಲಿಯನ್ನು ನನ್ನ ಕೈಯಲ್ಲಿಟ್ಟರು, ಆದರೆ ಬಿಡಲಿಲ್ಲ.

"ಎಲ್ಡು ಮಾತು ಮೇಷ್ಟ್ರೇ. ಈ ಮನ್ಯಾಗೆ ಇನ್ನೊಬ್ರ ಒಲೆ ಹೂಡಬಾರ್ದು. ನೀವಿಬ್ರೇ ಇರ್ಬೇಕು. ನೆಲಕ್ಕೆ ಹಾರೆ ತಾಗಿಸ್ಬಾರ್ದು. ಒಂದು ಗೂಟ ಹೊಡಿಬೇಕಂದ್ರೂ ನನ್ನ ಕೇಳ್ಬೇಕು. ತಪ್ಪಿದ್ರೆ ನಿಂತ ಕಾಲ್ಮ್ಯಾಲೆ ಹೊರಗೆ."

"ಆಗ್ಲಿ ತಾಯಿ" ಎಂದೆ. ಆಗ ಕೀಲಿ ಬಿಟ್ಟರು.

ಮನೆ ನಮ್ಮಿಬ್ಬರಿಗೆ ಬಹಳ ದೊಡ್ಡದಾಯಿತು. ಮುಂದೆ ಪಡಸಾಲೆ, ಆಮೇಲೆ ಅಡುಗೆಮನೆ, ಅದರ ಹಿಂದೆ ಹಿತ್ತಿಲ ಕಡೆ ಬಾಗಿಲಿರುವ ಉದ್ದನೆಯ ಒಳಕೋಣೆ. ಅಡುಗೆಮನೆಯಲ್ಲಿ ಕೆಮ್ಮಿದರೆ ಒಳಕೋಣೆಯಲ್ಲಿ ಇನ್ಯಾರೋ ಕೆಮ್ಮಿದಂತೆ ಕೇಳುತ್ತಿತ್ತು. ನಾನು ಆ ಕೋಣೆಯ ಬಾಗಿಲಿಗೆ ಚಿಲಕ ಹಾಕಿ, ಅದಕ್ಕೆ ಅಡ್ಡಲಾಗಿ ಒರಳುಕಲ್ಲು ಉರುಳಿಸಿ ನೆಮ್ಮದಿಯಾಗಿದ್ದೆ. ನೆಮ್ಮದಿ ಕೆಡಿಸಿದವನು ಪಕ್ಕದ ಮನೆಯ ಬಸಣ್ಣ. ಕಂಬಳಿ ವ್ಯಾಪಾರದವನು, ಒಳ್ಳೆಯವನೇ, ಆದರೆ ಅವನ ಹೊಟ್ಟೆಯಲ್ಲಿ ಒಂದು ಮಾತು ಒಂದು ಹೊತ್ತು ನಿಲ್ಲುತ್ತಿರಲಿಲ್ಲ.

"ಮುದುಕಿ ನೆಲ ಅಗಿಬ್ಯಾಡ ಅಂತಾಳಲ್ಲ, ಯಾಕೆ ಗೊತ್ತೈತಾ ಮೇಷ್ಟ್ರೇ?" ಎಂದು ಒಂದು ದಿನ ಕಟ್ಟೆಯ ಮೇಲೆ ನನ್ನ ಕಿವಿಗೆ ಬಾಯಿಟ್ಟ. "ಪಾಳೇಗಾರರ ಕಾಲದ ನಿಧಿ ಐತೆ ಆ ಮನ್ಯಾಗೆ. ಸರ್ಪ ಕಾವಲೈತೆ. ಬಲಿ ಕೊಡ್ದೆ ಏಳಂಗಿಲ್ಲ ಅದು."

"ಬಲೀನಾ? ಕೋಳಿ ಗೀಳಿನಾ?" ಎಂದೆ ನಾನು, ಆಸೆಯಿಂದ.

"ಕೋಳಿಗೆಲ್ಲ ಏಳ್ತೈತಾ ನಿಧಿ? ಬಸುರಿ ಹೆಂಗ್ಸು ಬೇಕಂತೆ." ಇಷ್ಟು ಹೇಳಿ ಬಸಣ್ಣ ನಮ್ಮ ಮನೆಯ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ಗಂಗಮ್ಮ ಆಗ ಗರ್ಭಿಣಿ. ಬೀದಿಗೆಲ್ಲ ತಿಳಿದ ವಿಷಯ.

ಅಂದಿನಿಂದ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವಾಗಲೂ ನನ್ನ ಜೀವವೆಲ್ಲ ಮನೆಯಲ್ಲೇ. ಗಂಗಮ್ಮ ಹಗಲೆಲ್ಲ ಒಬ್ಬಳೇ, ನಿಧಿಯ ಮಾತು ಅವಳ ಕಿವಿಗೂ ಬಿದ್ದು ಅವಳೂ ಹೆದರಿದ್ದಳು. ಹಿಂದೆ ಗುಡ್ಡ, ಗುಡ್ಡದಲ್ಲಿ ಕರಡಿ, ಒಳಕೋಣೆಯಲ್ಲಿ ಸರ್ಪ. ಅವಳನ್ನು ತವರಿಗೆ ಕಳಿಸೋಣವೆಂದರೆ ಅಲ್ಲಿ ತಾಯಿಯಿಲ್ಲ. ನಮ್ಮವ್ವನ ಹತ್ತಿರ ಕಳಿಸೋಣವೆಂದರೆ ಚಳ್ಳಕೆರೆಯಲ್ಲಿ ಇಲಿ ಬಿದ್ದು, ಜನರೆಲ್ಲ ಪ್ಲೇಗಿಗೆ ಹೆದರಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಮೊಳಕಾಲ್ಮೂರಿನಲ್ಲಿ ಬೇರೆ ಮನೆ ಕೇಳಿದರೆ, ಚಳ್ಳಕೆರೆಯವರೆಂದ ಕೂಡಲೇ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹೀಗಾಗಿ ನಮಗೆ ತಿಪ್ಪಮ್ಮನವರ ಸೂರೊಂದೇ ಗತಿ.

ಆಗ ನನಗೊಂದು ಬುದ್ಧಿ ಹೊಳೆಯಿತು. ಮನೆಯಲ್ಲಿ ಜನ ತುಂಬಿದರೆ ಹೆದರಿಕೆ ಎಲ್ಲಿಂದ ಬರಬೇಕು? ರೇಷ್ಮೆ ಸೀರೆ ನೇಯುವ ನಾಗಪ್ಪ ಎಂಬವನ ಮನೆಯ ಗೋಡೆ ಮಳೆಗೆ ಕುಸಿದು, ಅವನೂ ಅವನ ಹೆಂಡತಿ ಲಚ್ಚುಮಕ್ಕನೂ ಗುಡಿಯ ಜಗಲಿಯಲ್ಲಿ ದಿನ ಕಳೆಯುತ್ತಿದ್ದರು. ಮಗ್ಗದ ಮರಗಳೆಲ್ಲ ಅಲ್ಲೇ ರಾಶಿ ಬಿದ್ದಿದ್ದವು. ನಾನೇ ಹೋಗಿ, ನಮ್ಮ ಒಳಕೋಣೆಯನ್ನು ಒಳಬಾಡಿಗೆಗೆ ಕೊಡುತ್ತೇನೆ ಎಂದೆ. ಬಾಡಿಗೆ ಎಷ್ಟೆಂದು ಅವನು ಕೇಳಿದಾಗ, ನಿನಗೆ ತೋಚಿದ್ದು ಕೊಡು ಎಂದುಬಿಟ್ಟೆ. ಎರಡು ಜೀವ ಆ ಕೋಣೆಯಲ್ಲಿ ಉಸಿರಾಡಿಕೊಂಡಿದ್ದರೆ ನನಗೆ ಸಾಕಾಗಿತ್ತು.

"ನೀ ಸಲ್ಲಗುಂಡ ಸ್ವಾಮಿ" ಎಂದು ನಾಗಪ್ಪ ತೆಲುಗಿನಲ್ಲಿ ಹರಸಿದ. "ಮಗ್ಗ ಹಾಕ್ಕೊಬೋದಾ?"

"ಧಾರಾಳವಾಗಿ ಹಾಕ್ಕೊ" ಎಂದೆ.

ಇಲ್ಲಿ ನನ್ನ ಬುದ್ಧಿವಂತಿಕೆಯನ್ನು ಸ್ವಲ್ಪ ವಿವರಿಸಬೇಕು. ನಮ್ಮ ಚಳ್ಳಕೆರೆಯ ಕಡೆ ಕಂಬಳಿ ನೇಯುವವರ ಮಗ್ಗವನ್ನು ನಾನು ಎಷ್ಟೋ ಸಲ ನೋಡಿದ್ದೆ. ಅವರು ಬೇವಿನ ಮರದ ನೆರಳಲ್ಲಿ, ಬಯಲಲ್ಲಿ ಹೂಡುತ್ತಿದ್ದರು. ಕಾಲಿಳಿಬಿಡಲು ಅಲ್ಲೊಂದು ಕುಣಿ ಇರುತ್ತಿತ್ತು. ನಾನು ಹುಡುಗನಾಗಿದ್ದಾಗ ಅದರಲ್ಲಿ ಬಿದ್ದೂ ಇದ್ದೆ. ಆದರೆ ಕುಣಿ ಎಂದರೆ ಬಯಲಿಗೆ ಸೇರಿದ್ದು ಎಂದೇ ನನ್ನ ತಲೆಯಲ್ಲಿತ್ತು. ರೇಷ್ಮೆಗೆ ಬಿಸಿಲು ಆಗದು, ಧೂಳು ಆಗದು, ಅದನ್ನು ಮನೆಯೊಳಗೇ ನೇಯಬೇಕು, ಹಾಗೆ ನೇಯಬೇಕಾದರೆ ಮನೆಯೊಳಗೇ ಕುಣಿ ತೋಡಬೇಕು ಎನ್ನುವುದು ಹೊಳೆಯಲೇ ಇಲ್ಲ. ಒಂದು ಸಂಜೆ ಶಾಲೆ ಬಿಟ್ಟು ಬಂದು ನೋಡುತ್ತೇನೆ, ನಾಗಪ್ಪ ಒಳಕೋಣೆಯ ಕಿಟಕಿಯ ಬುಡದಲ್ಲಿ ಸೊಂಟದವರೆಗೂ ನೆಲದೊಳಗಿದ್ದಾನೆ. ಲಚ್ಚುಮಕ್ಕ ಮಂಕರಿಯಲ್ಲಿ ಮಣ್ಣು ತುಂಬಿ ಹಿತ್ತಿಲಿಗೆ ಸುರಿಯುತ್ತಿದ್ದಾಳೆ. ಗಂಗಮ್ಮ ಗೋಡೆಗೊರಗಿ ಕೂತು ಹುರಿಗಡಲೆ ತಿನ್ನುತ್ತ ನೋಡುತ್ತಿದ್ದಾಳೆ.

"ಅಯ್ಯೋ ಪುಣ್ಯಾತ್ಮ, ಏನು ಮಾಡ್ದೆ! ನೆಲ ಅಗದ್ಯಾ!" ಎಂದು ತಲೆಯ ಮೇಲೆ ಕೈ ಹೊತ್ತು ಕೂತೆ.

"ಕಾಲು ಎಲ್ಲಿಡ್ಲಿ ಸ್ವಾಮಿ ಮತ್ತೆ?" ಎಂದು ನಾಗಪ್ಪ ಕುಣಿಯೊಳಗಿಂದ ನನ್ನನ್ನು ನೋಡಿದ.

ಕುಣಿ ಮುಚ್ಚಿಸೋಣವೆಂದು ಒಂದೆರಡು ದಿನ ಒದ್ದಾಡಿದೆ. ಅಷ್ಟರಲ್ಲಿ ಅವನು ಮಗ್ಗಕ್ಕೆ ಉದ್ದೆಳೆಗಳ ಹಾಸು ಏರಿಸಿಬಿಟ್ಟಿದ್ದ. ಯಾರದೋ ಮದುವೆಯ ಸೀರೆ. ಆ ಎಳೆಗಳನ್ನು ನಡುವೆ ಎಬ್ಬಿಸಿದರೆ ರೇಷ್ಮೆ ಹಾಳು, ರೇಷ್ಮೆ ಕೊಟ್ಟ ಸಾಹುಕಾರರು ಇನ್ನೆಂದೂ ಅವನ ಕೈಗೆ ನೂಲು ಕೊಡುವುದಿಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಗಂಗಮ್ಮ. "ಅವರನ್ನ ಕಳಿಸಿದ್ರೆ ನಾನೂ ಅವರ ಹಿಂದೆ ಗುಡಿ ಜಗಲಿಗೆ ಹೋಗ್ತೀನಿ, ನೋಡ್ರಿ" ಎಂದು ಬೇರೆ ಹೆದರಿಸಿದಳು. ಅವಳ ಭಯವೆಲ್ಲ ಬಿಟ್ಟುಹೋಗಿತ್ತು. ಬೇಯಿಸುವುದು ಬೇರೆ ಬೇರೆ ಒಲೆಯಲ್ಲಾದರೂ ಇಬ್ಬರು ಹೆಂಗಸರೂ ಇಡೀ ದಿನ ಒಂದೇ ಕೋಣೆಯಲ್ಲಿರುತ್ತಿದ್ದರು. ಲಚ್ಚುಮಕ್ಕ ಅವಳ ಕಾಲು ಊದಿದರೆ ನೀವುತ್ತಿದ್ದಳು, ಹುಣಸೆಕಾಯಿ ತಂದುಕೊಡುತ್ತಿದ್ದಳು. ಮಧ್ಯಾಹ್ನ ಆ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಲಾಳಿಯ ಸದ್ದು ಕೇಳುತ್ತ ಗಂಗಮ್ಮ ನಿದ್ದೆಹೋಗುತ್ತಿದ್ದಳು.

ಹೆಂಡತಿಯ ಹೆದರಿಕೆ ಕಳೆಯಲೆಂದು ಒಳಬಾಡಿಗೆಗೆ ಕೊಟ್ಟೆ. ಅವಳದು ಕಳೆಯಿತು, ನನ್ನದು ಎರಡರಷ್ಟಾಯಿತು. ಕರಡಿ, ಸರ್ಪ ಎಲ್ಲ ಮರೆತೇಹೋಗಿ ಎದೆಯ ತುಂಬ ತಿಪ್ಪಮ್ಮನವರೇ ತುಂಬಿಕೊಂಡರು. ಗಾಡಿ ಎತ್ತಿನ ಗೆಜ್ಜೆ ಕೇಳಿದರೆ ಬಾಗಿಲ ಮರೆಗೆ ಸರಿದು ಇಣುಕುತ್ತಿದ್ದೆ. ರಾಂಪುರದ ಕಡೆಯವರು ಯಾರಾದರೂ ಎದುರಿಗೆ ಬಂದರೆ ಸಂದಿಗೆ ತಿರುಗುತ್ತಿದ್ದೆ. ತುಂಬುಗರ್ಭಿಣಿಯನ್ನು ಕರೆದುಕೊಂಡು ಬೀದಿಯಲ್ಲಿ ನಿಲ್ಲುವ ಚಿತ್ರ ಕಣ್ಣಿಗೆ ಕಟ್ಟಿ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ಬಸಣ್ಣ ಹಿತ್ತಿಲಿನ ಗೋಡೆಯಾಚೆಯಿಂದ ಹೊಸ ಮಣ್ಣಿನ ಗುಡ್ಡೆ ನೋಡಿಬಿಟ್ಟ. ಅವನು ನನ್ನನ್ನು ಒಂದು ಮಾತೂ ಕೇಳಲಿಲ್ಲ, ಬರೀ ಕಣ್ಣರಳಿಸಿ ನೋಡಿದ. ಮಾರನೆಯ ದಿನ ಸಂತೆಯಲ್ಲಿ ಜನ ನನಗೆ ದಾರಿ ಬಿಡತೊಡಗಿದರು. ಒಬ್ಬ ಸಾಬರು, "ಕ್ಯಾ ಮೇಷ್ಟ್ರೇ, ಹೊನ್ನಿನ ಕಡಾಯಿ ಬಂತಾ ಮ್ಯಾಲಕ್ಕೆ?" ಎಂದು ನಗುತ್ತ ಕೇಳಿಯೇಬಿಟ್ಟರು. ಮೇಷ್ಟ್ರು ಬಸುರಿ ಹೆಂಡತಿಯನ್ನು ಇಟ್ಟುಕೊಂಡು ನಿಧಿ ಅಗೆಯುತ್ತಿದ್ದಾನೆ ಎಂದು ಊರು ಮಾತಾಡುತ್ತಿತ್ತು. ಅಮಲ್ದಾರರ ಕಿವಿಗೆ ಬಿದ್ದರೆ ಕೆಲಸ ಹೋದಂತೆ, ರಾಂಪುರಕ್ಕೆ ಮುಟ್ಟಿದರೆ ಮನೆ ಹೋದಂತೆ. ಮೊದಲು ಮುಟ್ಟಿದ್ದು ರಾಂಪುರಕ್ಕೆ.

ಅಂದು ಭಾನುವಾರ, ಊಟದ ಹೊತ್ತು ಮೀರಿತ್ತು. ಬಾಗಿಲ ಮುಂದೆ ಗಾಡಿ ನಿಂತಿತು. ನಾನು ಮಜ್ಜಿಗೆ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದೆ. ತಿಪ್ಪಮ್ಮನವರು ಹೊಸ್ತಿಲು ದಾಟಿ ಬಂದು ಪಡಸಾಲೆಯ ನಡುವೆ ನಿಂತರು. ಒಳಗಡೆ ಲಾಳಿ ಓಡುತ್ತಲೇ ಇತ್ತು.

"ಒಳಕೋಣೆ ತೆಗೀರಿ" ಎಂದರು. ಬೀದಿಗೆ ಕೇಳುವ ಆ ಗಂಟಲು ಅಂದು ಬಹಳ ತಗ್ಗಿತ್ತು. ನನಗೆ ಅದೇ ಹೆಚ್ಚು ಭಯವಾಯಿತು.

"ಅಲ್ಲಿ... ಬಾಣಂತಿಗೆ ಬೇಕಾಗ್ತೈತೆ ಅಂತ ಸುಣ್ಣ ಹೊಡೆಸೀನಿ ತಾಯಿ. ಹಸಿ ಐತೆ" ಎಂದೆ.

"ಸುಣ್ಣ ಲಾಳಿ ಸದ್ದು ಮಾಡ್ತೈತಾ ಮೇಷ್ಟ್ರೇ?"

ಮಜ್ಜಿಗೆ ನನ್ನ ಪಂಚೆಯ ಮೇಲೆ ಚೆಲ್ಲಿತು. ಆಕೆ ನನ್ನನ್ನು ದಾಟಿಕೊಂಡು ಹೋಗಿ ತಾವೇ ಬಾಗಿಲು ತಳ್ಳಿದರು. ಲಾಳಿ ನಿಂತಿತು. ನಾಗಪ್ಪ ಕುಣಿಯೊಳಗೆ ಕೂತಲ್ಲೇ ಕೈಮುಗಿದ. ಲಚ್ಚುಮಕ್ಕ ಒಲೆಯ ಮುಂದೆ ಹಾಗೇ ಕಲ್ಲಾದಳು. ಇನ್ನೊಬ್ಬರ ಒಲೆ, ಅಗೆದ ನೆಲ, ಎರಡೂ ಒಟ್ಟಿಗೇ ಆಕೆಯ ಕಣ್ಣೆದುರಿಗಿದ್ದವು. ಇನ್ನು ಮುಗಿಯಿತು ಎಂದುಕೊಂಡು ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಆದರೆ ತಿಪ್ಪಮ್ಮನವರು ಒಲೆಯನ್ನೂ ನೋಡಲಿಲ್ಲ, ಮಗ್ಗವನ್ನೂ ನೋಡಲಿಲ್ಲ. ಕುಣಿಯ ಅಂಚಿಗೆ ಬಂದು ಬಗ್ಗಿದರು. "ಎಲ್ಲೆಲ್ಲಿ ಅಗದ್ರಿ?" ಎಂದು ನಾಗಪ್ಪನನ್ನು ಕೇಳಿದರು. "ಮಣ್ಣಾಗೆ ಏನಾರ ಸಿಕ್ತಾ? ಸುಳ್ಳು ಹೇಳ್ಬ್ಯಾಡಪ್ಪ. ಏನು ಸಿಕ್ಕಿದ್ರೂ ಹೇಳು."

ಹಾಗಾದರೆ ಬಸಣ್ಣ ಹೇಳಿದ್ದು ನಿಜ, ನಿಧಿ ಇದೆ ಎಂದುಕೊಂಡೆ. "ದೇವರಾಣೆ, ಏನೂ ಸಿಕ್ಕಿಲ್ಲ ತಾಯಿ" ಎಂದು ಕೂಗಿಕೊಂಡೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ಇದೊಂದೇ ಅಮ್ಮಾ ಅಗದಿದ್ದು" ಎಂದ ನಾಗಪ್ಪ. "ಮೊದ್ಲು ಆ ಮೂಲ್ಯಾಗೆ ತೋಡ್ಬೇಕು ಅಂತಿದ್ದೆ. ಅಲ್ಲಿ ಕತ್ತಲು, ಎಳೆ ಕಾಣ್ಸಲ್ಲ ಅಂತ ನಮ್ಮಾಕೆ ಅಂದ್ಳು. ಅದಕ್ಕೆ ಕಿಟಕಿ ಬುಡಕ್ಕೆ ಬಂದೆ."

ಅವನು ಕೈ ತೋರಿಸಿದ ಮೂಲೆಯಲ್ಲಿ ಗಂಗಮ್ಮ ಚಾಪೆಯ ಮೇಲೆ ಮಲಗಿದ್ದಳು. ಮಾತಿಗೆ ಎಚ್ಚರವಾಗಿ, ಹೊಟ್ಟೆಗೆ ಕೈ ಆನಿಸಿಕೊಂಡು ಎದ್ದು ಕೂತಳು. ತಿಪ್ಪಮ್ಮನವರು ಅಲ್ಲಿಗೆ ಹೋಗಿ ಮಂಡಿಯೂರಿ ಕೂತು, ಚಾಪೆಯ ಅಂಚು ಎತ್ತಿ ನೋಡಿದರು. ಕೆಳಗೆ ಸಗಣಿ ಸಾರಿಸಿದ ನೆಲ ಎಲ್ಲೂ ಬಿರುಕಿಲ್ಲದೆ ಹಾಗೇ ಇತ್ತು. ಅಲ್ಲೇ ಗೋಡೆಗೊರಗಿಬಿಟ್ಟರು.

"ದಿನಾ ಇಲ್ಲೇ ಮಲಗ್ತೀಯೇನವ್ವಾ?" ಎಂದು ಗಂಗಮ್ಮನನ್ನು ಕೇಳಿದರು.

"ಹೂಂ ಅಜ್ಜಿ. ಇಲ್ಲಿ ತಂಪೈತೆ."

"ನನ್ನ ಮಗ ಐತವ್ವ ಇಲ್ಲಿ" ಎಂದರು ತಿಪ್ಪಮ್ಮನವರು. "ಹುಟ್ಟಿದ ವಾರಕ್ಕೇ ಹೋತು. ಗುಡ್ಡದ ಕಡೆ ಹೂಳ್ತೀವಿ ಅಂದ್ರು ಎಲ್ರೂ. ಅಲ್ಲಿ ನರಿ ತೋಡ್ತಾವೆ, ಕರಡಿ ತೋಡ್ತಾವೆ. ನಾನು ಕೊಡ್ಲಿಲ್ಲ. ಯಜಮಾನ್ರೇ ಬಾಗ್ಲು ಹಾಕ್ಕೊಂಡು ಇಲ್ಲಿ ಮಲಗ್ಸಿದ್ರು. ಅವ್ರು ಹೋದ್ಮ್ಯಾಲೆ ನನ್ನ ಬಿಟ್ರೆ ಇದು ಯಾರಿಗೂ ಗೊತ್ತಿಲ್ಲ. ನೆಲ ಅಗದೌರೆ ಅಂತ ಬಸಣ್ಣನ ಕಡೆಯೋರು ಬಂದು ಹೇಳ್ದಾಗ... ದಾರಿ ಉದ್ದಕ್ಕೂ ನನ್ನ ಜೀವ ನನ್ನಾಗಿರ್ಲಿಲ್ಲ."

ಇಷ್ಟು ದಿನ ನಾನು ಯಾರಿಗೆ ಹೆದರಿ ನಡುಗಿದ್ದೆನೋ ಆಕೆ ನಮಗಿಂತ ಹೆಚ್ಚು ಹೆದರಿಕೊಂಡು ಗಾಡಿ ಹತ್ತಿ ಬಂದಿದ್ದರು. ನನಗೆ ದುಃಖವೂ ಆಯಿತು, ನಿಜ ಹೇಳುತ್ತೇನೆ, ಹೊಸ ಭಯವೂ ಆಯಿತು. ಗಂಗಮ್ಮ ಚಾಪೆಯಿಂದ ಚಂಗನೆ ಎದ್ದುಬರುತ್ತಾಳೆ ಎಂದು ಕಾದೆ. ಅವಳು ಏಳಲಿಲ್ಲ. ಸ್ವಲ್ಪ ಸರಿದು ತಿಪ್ಪಮ್ಮನವರಿಗೆ ಜಾಗ ಮಾಡಿಕೊಟ್ಟಳು.

"ನಾವು ಮಗ್ಗ ಎತ್ತಿಬಿಡ್ತೀವಿ ಅಮ್ಮಾ" ಎಂದ ನಾಗಪ್ಪ. ಅವನ ಮುಂದೆ ಅರ್ಧ ನೇಯ್ದ ಸೀರೆ ಇತ್ತು, ಲಚ್ಚುಮಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯಾಕೆ ಎತ್ತೀಯಾ? ಇರ್ಲಿ" ಎಂದರು ಆಕೆ. "ಕೀಲಿ ಹಾಕಿದ ಮನ್ಯಾಗೆ ಒಂದೇ ಮಲಗಿತ್ತು. ಅದ್ರ ಪಕ್ಕದಾಗೆ ಇಷ್ಟು ದಿನ ಯಾರೂ ಮಲಗಿರ್ಲಿಲ್ಲ. ಸದ್ದು ಆಗ್ಲಿ ಬಿಡು. ಈ ಕಡೆ ಮಾತ್ರ ಹಾರೆ ತರಬ್ಯಾಡ ಕಣಪ್ಪ."

ಆಮೇಲೆ ಎತ್ತಿದ್ದ ಚಾಪೆಯ ಅಂಚನ್ನು ಕೆಳಗೆ ಬಿಟ್ಟು ಸರಿಮಾಡಿದರು. ಅದರ ಮೇಲೆ ಅಂಗೈಯಿಟ್ಟು ಎರಡು ಸಲ ಮೆಲ್ಲಗೆ ತಟ್ಟಿದರು. ನಿದ್ದೆಯಲ್ಲಿ ಮಿಸುಕಿದ ಕೂಸನ್ನು ತಾಯಂದಿರು ತಟ್ಟುತ್ತಾರಲ್ಲ, ಹಾಗೆ. ತಟ್ಟಿ, ಗೋಡೆ ಹಿಡಿದು ಎದ್ದು, ನನ್ನ ಒದ್ದೆ ಪಂಚೆಯನ್ನು ನೋಡಿ, "ಮೇಷ್ಟ್ರಿಗೆ ಇನ್ನೊಂದಿಷ್ಟು ಮಜ್ಜಿಗೆ ಕೊಡವ್ವ" ಎಂದು ಹೊರಟುಹೋದರು.

ಮನೆ ಉಳಿಯಿತು. ನಾನು ಮಾತ್ರ ಮೊದಲಿನ ನಾನೇ. ಆ ಮೂಲೆ ಬಿಡು, ಪಡಸಾಲೆಗೆ ಬಂದು ಮಲಗು ಎಂದು ಗಂಗಮ್ಮನ ಮುಂದೆ ಎಷ್ಟು ಸಲ ಗೋಗರೆದೆನೋ. "ಕೂಸಿಗೆ ಯಾರಾರ ಹೆದರ್ತಾರೇನ್ರೀ?" ಎಂದು ಅವಳು ಮತ್ತೆ ಅಲ್ಲೇ ಚಾಪೆ ಹಾಸಿದಳು. ನಮ್ಮ ಮಗಳು ಹುಟ್ಟಿದ್ದು ಅದೇ ಕೋಣೆಯಲ್ಲಿ, ಲಚ್ಚುಮಕ್ಕನ ಕೈಯಲ್ಲಿ. ನಾಮಕರಣಕ್ಕೆ ತಿಪ್ಪಮ್ಮನವರು ರಾಂಪುರದಿಂದ ಬಂದು, ಕೂಸನ್ನು ಮಡಿಲಲ್ಲಿಟ್ಟುಕೊಂಡು ಆ ಮೂಲೆಯಲ್ಲೇ ಕೂತಿದ್ದರು. ನನಗೆ ಬೇರೆ ಊರಿಗೆ ವರ್ಗವಾದಾಗ ಕೀಲಿಯನ್ನು ಕೊಡಲು ಹೋದರೆ, "ನಾಗಪ್ಪನ ಕೈಗೇ ಕೊಡ್ರಿ" ಎಂದರು. ನಮ್ಮ ಒಳಬಾಡಿಗೆಯವನು ಹೀಗೆ ಆ ಮನೆಯ ಬಾಡಿಗೆದಾರನಾದ.

ಆ ಮನೆಯಲ್ಲಿ ಇದ್ದಷ್ಟು ದಿನ ನಾನು ಒಳಕೋಣೆಯಲ್ಲಿ ಕೂರಬೇಕಾದರೆ ಮೊದಲು ಕೈಚಾಚಿ ಚಾಪೆ ತಟ್ಟುತ್ತಿದ್ದೆ. ಶುರುವಿನಲ್ಲಿ ಬರೀ ಹೆದರಿಕೆಗೆ, ನಾನು ಬಂದಿದ್ದೇನೆ ಎಂದು ಹೇಳಿ ಅಪ್ಪಣೆ ಕೇಳಿದ ಹಾಗೆ. ಹೆದರಿಕೆ ಎಂದು ಹೋಯಿತೋ ತಿಳಿಯಲಿಲ್ಲ, ಕೈ ಮಾತ್ರ ನಿಲ್ಲಲಿಲ್ಲ. ತಿಪ್ಪಮ್ಮನವರು ತೀರಿಹೋಗಿ ಬಹಳ ಕಾಲವಾಯಿತು. ಯಾವ ನೆಲದ ಕೆಳಗೆ ಯಾರ ಮಗ ಮಲಗಿದ್ದಾನೋ ನನಗೇನು ಗೊತ್ತು.

ನಿನ್ನೆ ಸಂಜೆ ಗಂಗಮ್ಮ ಜಗಲಿಯ ಮೇಲೆ ಚಾಪೆ ಹಾಸಿದಳು. ನಾನು ಬಗ್ಗುವ ಮೊದಲೇ ಮೊಮ್ಮಗಳು ಓಡಿಬಂದು, ನನ್ನನ್ನು ಅಣಕಿಸುತ್ತ ಎರಡೂ ಕೈಯಿಂದ ಚಾಪೆಯನ್ನು ದಬದಬ ಬಡಿದಳು. ಗಂಗಮ್ಮ ನಗಲಿಲ್ಲ. ನಾನು ಆ ಪುಟ್ಟ ಕೈ ಹಿಡಿದುಕೊಂಡೆ.

"ಹಂಗಲ್ಲ ಕಣವ್ವಾ" ಎಂದೆ. "ಮೆಲ್ಲಗೆ."